ಅರ್ಥವಾಯಿತೆಂದು ತಲೆಯಾಡಿಸಿದ ಸಾಲು

ಮೊಳಕೆ ಕಟ್ಟಿದ ರಾಗಿಯನ್ನು ತಾರಸಿಯಲ್ಲಿ ಒಣಹಾಕಿದರೆ ಪಾರಿವಾಳಗಳ ಕಾಟ. ಅವನ್ನು ಹೆದರಿಸಲು ನನ್ನ ಹೆಂಡತಿ ಬಟ್ಟೆ ಒಣಗಿಸುವ ತಂತಿಗೆ ಹಳೆಯ ಸಿ.ಡಿ.ಗಳನ್ನು ದಾರದಲ್ಲಿ ಕಟ್ಟಿದ್ದಳು. ಹೋದ ವಾರ ರಾಗಿ ತಿರುವಿಹಾಕಲು ಮೇಲೆ ಹತ್ತಿದಾಗ ಅವುಗಳಲ್ಲೊಂದು ಬಿಸಿಲನ್ನು ನೇರವಾಗಿ ನನ್ನ ಕಣ್ಣಿಗೆ ಹೊಡೆಯಿತು. ಹಿಡಿದು ತಿರುಗಿಸಿದೆ. ಹಿಂದೆ ಕಪ್ಪು ಮಾರ್ಕರ್‌ನಲ್ಲಿ ದುಂಡಗಿನ ಅಕ್ಷರಗಳು: ‘ಪರೀಕ್ಷೆಗೆ ಮಾತ್ರ’. ಮಳೆಗೆ, ಬಿಸಿಲಿಗೆ ‘ಮಾತ್ರ’ ಅರ್ಧ ಅಳಿಸಿತ್ತು. ಅದು ನನ್ನ ಅಕ್ಕನ ಕೈಬರಹ... ರಾಗಿ ಹಾಗೇ ಬಿಟ್ಟು ನೀರಿನ ತೊಟ್ಟಿಯ ಪಕ್ಕ ಕೂತುಬಿಟ್ಟೆ.

ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಮದುವೆ ಬೇಡವೆಂದು ಹಟ ಹಿಡಿದು ಯಲಹಂಕದ ಮನೆಯಲ್ಲೇ ಅಮ್ಮನ ಜೊತೆ, ನನ್ನ ಜೊತೆ ಉಳಿದಿದ್ದಳು. ಕೆಂಪಾಪುರದ ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ಅವಳ ಕೆಲಸ. ದಿನವಿಡೀ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆಯ ಕಾರ್ಡು. ಊರಿನ ಎಲ್ಲರ ಸುಖದುಃಖವೂ ಅವಳ ಬೆರಳುಗಳ ಮೇಲೆ ಹಾದುಹೋಗುತ್ತಿತ್ತು. ನನ್ನದು ಅಪ್ಪ ಬಿಟ್ಟುಹೋದ ಹಿಟ್ಟಿನ ಮಿಷನ್. ಏಳನೇ ತರಗತಿಗೆ ನಾನು ಶಾಲೆ ಬಿಟ್ಟಿದ್ದೆ. ಎದ್ದು ನಿಂತು ಪಾಠ ಓದು ಎಂದಾಗಲೆಲ್ಲ ತಡವರಿಸುತ್ತಿದ್ದೆ, ತರಗತಿ ನಗುತ್ತಿತ್ತು. ಒಂದು ದಿನ ಚೀಲ ಮನೆಯಲ್ಲಿಟ್ಟು ಅಪ್ಪನ ಹಿಂದೆ ಮಿಷನ್‌ಗೆ ಹೋದವನು ಮತ್ತೆ ಶಾಲೆಯ ಕಡೆ ತಿರುಗಲಿಲ್ಲ.

ಹೆಬ್ಬಾಳದ ಕಡೆ ಭಾನುವಾರಗಳಲ್ಲಿ ಸೇರುತ್ತಿದ್ದ ಒಂದು ಗುಂಪಿನಿಂದ ಅಕ್ಕನಿಗೆ ಲಿನಕ್ಸ್‌ನ ಹುಚ್ಚು ಹತ್ತಿತು. ಯಾರು ಬೇಕಾದರೂ ಬಿಟ್ಟಿಯಾಗಿ ಹಾಕಿಕೊಳ್ಳಬಹುದಾದ ಕಂಪ್ಯೂಟರ್ ವ್ಯವಸ್ಥೆ ಅದು. ಆರು ತಿಂಗಳಿಗೊಂದು ಹೊಸ ಆವೃತ್ತಿ ಬರುತ್ತಿತ್ತು. ಅದಕ್ಕೂ ಮುಂಚೆ, ಇನ್ನೂ ಪೂರ್ತಿ ಸಿದ್ಧವಾಗದ ಒಂದನ್ನು ಬಿಡುತ್ತಿದ್ದರು. ಬೀಟಾ ಎನ್ನುತ್ತಿದ್ದರು. ಇಷ್ಟವಿದ್ದವರು ಅದನ್ನು ಹಾಕಿ, ಬಳಸಿ, ಎಲ್ಲಿ ಕೆಡುತ್ತದೆ ನೋಡಿ ಹೇಳಬೇಕು. ಅಕ್ಕ ಅದನ್ನು ಅನ್ನ ಬೆಂದಿದೆಯೋ ಎಂದು ಅಗುಳು ಹಿಚುಕಿ ನೋಡುವ ಕೆಲಸ ಎನ್ನುತ್ತಿದ್ದಳು. ಪರದೆಯ ಮೇಲೆ ಬರುವ ಇಂಗ್ಲಿಷ್ ಮಾತುಗಳನ್ನು ಕನ್ನಡಕ್ಕೆ ತರುವವರಲ್ಲಿ ಅವಳೂ ಒಬ್ಬಳಾದಳು. ಅದಕ್ಕೆಂದೇ ಎಸ್.ಪಿ. ರೋಡಿನಿಂದ ಒಂದು ಹಳೆಯ ಕಂಪ್ಯೂಟರ್ ತಂದು ನಡುಮನೆಯ ಮೂಲೆಯಲ್ಲಿಟ್ಟಳು. ಅದರೊಳಗೆ ಏನೂ ಇರುತ್ತಿರಲಿಲ್ಲ. ಹಾಕುವುದು, ನೋಡುವುದು, ಅಳಿಸುವುದು, ಮತ್ತೆ ಹಾಕುವುದು.

ಮಧ್ಯಾಹ್ನ ಊಟಕ್ಕೆ ಬಂದಾಗ ನನ್ನನ್ನು ಅದರ ಮುಂದೆ ಕೂರಿಸುತ್ತಿದ್ದಳು.

“ಕೈ ತೊಳ್ಕೊಂಡು ಮುಟ್ಟೋ. ಕೀಬೋರ್ಡ್ ಮೇಲೆ ಮುದ್ದೆ ಕಟ್ಬೋದು, ಅಷ್ಟು ಹಿಟ್ಟಿದೆ.”

ನಾನು ಪರದೆಯ ಸಾಲುಗಳನ್ನು ಗಟ್ಟಿಯಾಗಿ ಓದಬೇಕು. ಎಲ್ಲಿ ಎಡವುತ್ತೇನೋ ಅಲ್ಲಿ ಅವಳು ಅಚ್ಚು ಹಾಳಾದ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದಳು. “ಇದೇನಕ್ಕ, ಹಿಂಗ್ ಯಾರ್ ಮಾತಾಡ್ತಾರೆ?” ಎಂದರೆ ಅವಳಿಗೆ ಖುಷಿ. “ಹೇಳು ಮತ್ತೆ, ನೀನಾದ್ರೆ ಏನಂತೀಯ?” ನಾನು ಹೇಳಿದ ಎಷ್ಟೋ ಮಾತುಗಳನ್ನು ಹಾಗೆಯೇ ಸೇರಿಸಿದಳು. ತರಗತಿಯಲ್ಲಿ ನಗೆಗೀಡಾದ ನನ್ನ ತಡವರಿಕೆ ಆ ಮೂಲೆಯಲ್ಲಿ ಕೆಲಸಕ್ಕೆ ಬರುತ್ತಿತ್ತು. ಅದು ನನಗೆ ಆಗ ತಿಳಿಯಲಿಲ್ಲ.

ಒಂದು ಭಾನುವಾರ ಗುಂಪಿನ ಮೂರ್ನಾಲ್ಕು ಮಂದಿ ನಮ್ಮ ಮನೆಗೇ ಬಂದರು. ನಾನು ಕಾಫಿ ಲೋಟಗಳನ್ನು ತಂದಿಟ್ಟಾಗ ಅಕ್ಕ ನನ್ನ ಭುಜ ಹಿಡಿದು ನಿಲ್ಲಿಸಿಕೊಂಡಳು.

“ಇವ್ನೇ ನನ್ ತಮ್ಮ. ಏಳನೇ ಕ್ಲಾಸು. ಇವ್ನು ಎಡವಿದ ಸಾಲನ್ನ ನಾನು ಕಳ್ಸೋದೇ ಇಲ್ಲ.”

“ಒಳ್ಳೇ ಮೀಟರ್ ಇಟ್ಕೊಂಡಿದೀರ ಬಿಡಿ ಮೇಡಂ,” ಎಂದ ಕನ್ನಡಕದ ಹುಡುಗನೊಬ್ಬ. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಅವಳ ನಗುವಿನಲ್ಲಿ ಹೆಮ್ಮೆ ಇತ್ತು ಎಂದು ಈಗ ಗೊತ್ತಾಗುತ್ತದೆ. ಆಗ ನನ್ನ ಕಿವಿಗೆ ಬಿದ್ದದ್ದು ಏಳನೇ ತರಗತಿಯ ನಗು ಮಾತ್ರ.

ಅಂದಿನಿಂದ ನಾನು ಎಡವುವುದನ್ನು ನಿಲ್ಲಿಸಿದೆ. ಗೊತ್ತಾಗದ ಕಡೆ ರಾಗ ಎಳೆಯದೆ ಸರಸರ ಓದಿಬಿಡುತ್ತಿದ್ದೆ. ಅರ್ಥವಾಯಿತಾ ಎಂದರೆ ತಲೆಯಾಡಿಸುತ್ತಿದ್ದೆ. “ಪರ್ವಾಗಿಲ್ವೋ, ಬುದ್ಧಿವಂತ ಆಗ್ಬಿಟ್ಟೆ. ಇನ್ ನಿನ್ ಇಟ್ಕೊಂಡು ಪ್ರಯೋಜನ ಇಲ್ಲ,” ಎಂದು ಅವಳು ತಮಾಷೆ ಮಾಡುತ್ತಿದ್ದಳು.

ಆ ಸಲದ ಬೀಟಾ ಬಂತು. ಕಂಪ್ಯೂಟರಿನಲ್ಲಿ ಅದನ್ನು ಕೂರಿಸುವಾಗ ಬರುವ ಸಾಲುಗಳೆಲ್ಲ ಅಕ್ಕನ ಪಾಲಿಗೆ ಬಿದ್ದಿದ್ದವು. ಅದರಲ್ಲೊಂದು ಸಾಲು ನನಗೆ ಇವತ್ತಿಗೂ ಬಾಯಿಪಾಠ. ‘ಸಂಪೂರ್ಣ ಮುದ್ರಿಕೆಯನ್ನು ಬಳಸಿಕೊಂಡು ಅನುಸ್ಥಾಪಿಸು’. ಅದರ ಕೆಳಗೆ ಸಣ್ಣದಾಗಿ, ‘ಪ್ರಸ್ತುತ ದತ್ತಾಂಶವು ನಿರ್ಮೂಲಗೊಳ್ಳುವುದು’.

ಅಕ್ಕ ಅಲ್ಲಿ ಪೆನ್ನು ಹಲ್ಲಿಗಿಟ್ಟುಕೊಂಡು ಕೂತಳು.

“ಇದು ನಂಗೇ ಭಾರ ಅನ್ಸ್ತಿದೆ ಕಣೋ. ನಿಂಗೆ ತಿಳೀತಾ?”

“ತಿಳೀತು.”

“ನಿಜ್ವಾಗ್ಲೂ?”

“ತಿಳೀತಕ್ಕ. ಮಿಷನ್ ಹತ್ರ ಜನ ಕಾಯ್ತಿದಾರೆ, ಬಿಡು ನನ್ನ.”

ಒಂದಕ್ಷರವೂ ತಿಳಿದಿರಲಿಲ್ಲ. ಅವಳು ನಂಬಿದಳು. ಗುರುತು ಹಾಕದೆ ಮುಂದಿನ ಸಾಲಿಗೆ ಹೋದಳು.

ನಮ್ಮ ಬೀದಿಯ ಕೊನೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದರು. ದಿನವೂ ಬೆಳಗ್ಗೆ ಪುಟ್ಟೇನಹಳ್ಳಿ ಕೆರೆಯ ಸುತ್ತ ನಡೆದು, ಯಾವ ಹಕ್ಕಿ ಬಂತು, ಎಲ್ಲಿ ಕೂತಿತು, ಗೂಡು ಕಟ್ಟಿತೋ ಇಲ್ಲವೋ ಎಂದು ಬರೆದಿಡುತ್ತಿದ್ದರು. ಆರು ವರ್ಷದ ಬರಹ. ಅಷ್ಟನ್ನೂ ಎರಡೇ ಬೆರಳಲ್ಲಿ ಕಂಪ್ಯೂಟರಿಗೆ ಹೊಡೆದು ಮುಗಿಸಿದ್ದರು. ಇನ್ನೇಕೆ ಎಂದು ಹಳೆಯ ನೋಟ್‌ಬುಕ್ಕುಗಳನ್ನು ಅವರ ಹೆಂಡತಿ ಗುಜರಿಯವನಿಗೆ ಹಾಕಿದ್ದರು. ಪರದೆಯಲ್ಲಿ ಎಲ್ಲವೂ ಕನ್ನಡದಲ್ಲಿ ಬರುವ ಹೊಸದು ತಮಗೂ ಬೇಕೆಂದು ಮೇಷ್ಟ್ರು ಅಕ್ಕನ ಬೆನ್ನು ಹತ್ತಿದ್ದರು. ಅಕ್ಕ ಮಾತ್ರ, “ಇನ್ನೂ ಬೆಂದಿಲ್ಲ ಮೇಷ್ಟ್ರೇ, ಮುಂದಿನ ತಿಂಗಳು ಪೂರ್ತಿದು ಬರುತ್ತೆ, ನಾನೇ ಬಂದು ಹಾಕ್ಕೊಡ್ತೀನಿ,” ಎಂದು ತಡೆದಿದ್ದಳು.

ಅಕ್ಕ ಅಂಗಡಿಯ ಕೆಲಸದ ಮೇಲೆ ಮೂರು ದಿನ ತುಮಕೂರಿಗೆ ಹೋದಳು. ಮಂಗಳವಾರ ಮಿಷನ್‌ಗೆ ರಜೆ. ಬಾಗಿಲಲ್ಲಿ ನಿಂತಿದ್ದ ನನ್ನನ್ನು ಮೇಷ್ಟ್ರು ಮಾತಾಡಿಸಿದರು.

“ಏನಯ್ಯಾ, ಅದನ್ನೆಲ್ಲ ಓದಿ ನೋಡಿ ಪಾಸ್ ಮಾಡೋನು ನೀನೇ ಅಂತೆ? ನಿಮ್ಮಕ್ಕ ಹೇಳ್ತಿದ್ಲು.”

ಮೇಷ್ಟ್ರ ಬಾಯಲ್ಲಿ ಅಂಥ ಮಾತು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. “ನಾನೇ ಹಾಕ್ಕೊಡ್ತೀನಿ ಬನ್ನಿ ಸಾರ್,” ಎಂದುಬಿಟ್ಟೆ. ಒಳಗೆ ಹೋಗಿ ಅಕ್ಕನ ಡಬ್ಬಿಯಿಂದ ಆ ಸಿ.ಡಿ. ತೆಗೆದುಕೊಂಡೆ. ‘ಪರೀಕ್ಷೆಗೆ ಮಾತ್ರ’ ಎಂದು ಬರೆದಿದ್ದು ಓದಲು ಬಂತು, ಅರ್ಥವೂ ಆಯಿತು. ಆದರೂ ತೆಗೆದುಕೊಂಡೆ.

ಆ ಸಾಲು ಬಂದಾಗ ನನಗೆ ಗೊತ್ತಿದ್ದದ್ದು ಒಂದೇ. ನಮ್ಮ ಮನೆಯಲ್ಲಿ ಅಕ್ಕ ಯಾವಾಗಲೂ ಅದನ್ನೇ ಒತ್ತುತ್ತಿದ್ದಳು. ನಮ್ಮ ಮೂಲೆಯ ಕಂಪ್ಯೂಟರ್ ಖಾಲಿ, ಅದಕ್ಕೇ ಒತ್ತುತ್ತಿದ್ದಳು ಎನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ. ಮೇಷ್ಟ್ರು ಮೂಗಿನ ಮೇಲೆ ಕನ್ನಡಕ ಏರಿಸಿ, “ಹಂಗಂದ್ರೆ ಏನಯ್ಯಾ?” ಎಂದರು. “ಹಾಕ್ಲಾ ಅಂತ ಕೇಳ್ತಿದೆ ಸಾರ್,” ಎಂದೆ. ಒತ್ತಿದೆ.

ಮುಗಿದಾಗ ಪರದೆಯ ತುಂಬ ಕನ್ನಡ. ಮೇಷ್ಟ್ರು ಹೆಂಡತಿಯನ್ನು ಅಡುಗೆಮನೆಯಿಂದ ಕರೆದು ತೋರಿಸಿದರು. ಒಂದೊಂದೇ ಹೆಸರನ್ನು ಮಕ್ಕಳಂತೆ ಓದಿದರು. ಆಮೇಲೆ ಮೌಸ್ ಹಿಡಿದು ಏನನ್ನೋ ಹುಡುಕಿದರು. ಇನ್ನೊಂದು ಕಡೆ ಹುಡುಕಿದರು.

“ನನ್ ಹಕ್ಕಿಗಳೆಲ್ಲಿ ಅಯ್ಯಾ?”

ಅಕ್ಕ ಬಂದು ತೆಗೆದುಕೊಡ್ತಾಳೆ ಎಂದು ಹೇಳಿ ನಾನು ಚಪ್ಪಲಿ ಹಾಕಿಕೊಂಡೆ.

ಅಕ್ಕ ಬಸ್ಸಿಳಿದು ಬಂದವಳು ವಿಷಯ ಕೇಳಿ, ಚೀಲ ಇಟ್ಟು ಸೀದಾ ಮೇಷ್ಟ್ರ ಮನೆಗೆ ಹೋದಳು. ಎರಡು ದಿನ ಅಂಗಡಿಗೆ ರಜೆ ಹಾಕಿ ಆ ಕಂಪ್ಯೂಟರ್ ಮುಂದೆ ಕೂತು, ಅಳಿಸಿದ್ದನ್ನು ಹುಡುಕುವ ಏನೇನೋ ಮಾಡಿದಳು. ಕೆಲವು ಹಾಳೆಗಳಷ್ಟು ಚೂರುಗಳು ಸಿಕ್ಕವು. ಒಂದು ಕಡೆ ಮಿಂಚುಳ್ಳಿ, ಒಂದು ಕಡೆ ನೀರುಕಾಗೆ, ದಿನವಿಲ್ಲ, ವರ್ಷವಿಲ್ಲ. ಎರಡನೆಯ ದಿನ ಸಂಜೆ ನನ್ನನ್ನು ಅಲ್ಲಿಗೆ ಕರೆಸಿದಳು. ಮೇಷ್ಟ್ರು ಕುರ್ಚಿಯಲ್ಲಿ, ಅವರ ಹೆಂಡತಿ ಬಾಗಿಲ ಬಳಿ.

“ಆ ಸಾಲು ಓದಿದ್ಯೇನೋ?”

“ಓದ್ದೆ.”

“ತಿಳೀತು ಅಂದಿದ್ದೆ ಅಲ್ವಾ ನಂಗೆ?”

ಇಲ್ಲ ಅಕ್ಕ, ತಿಳಿದಿರಲಿಲ್ಲ. ಅಷ್ಟು ಅಂದಿದ್ದರೆ ಸಾಕಿತ್ತು. ಅವಳು ಕೇಳಿದ ದನಿಯಲ್ಲಿ ಸಿಟ್ಟಿರಲಿಲ್ಲ. ಎಲ್ಲಿ ತಪ್ಪಿತು ಎಂದು ಹುಡುಕುವ ಅವಳ ಎಂದಿನ ದನಿ ಅದು. ಆದರೆ ಮೇಷ್ಟ್ರು ನೋಡುತ್ತಿದ್ದರು. ಪಾಸ್ ಮಾಡೋನು ನೀನೇ ಅಂದವರು.

“ನೀನ್ ಬರ್ದಿದ್ದನ್ನ ಓದಿ ಒತ್ತಿದೆ. ನೀನೇ ತಪ್ಪು ಬರ್ದಿದ್ರೆ ನಾನೇನ್ ಮಾಡ್ಲಿ?”

ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ಮೇಷ್ಟ್ರ ಕಡೆ ತಿರುಗಿದಳು.

“ಹೌದು ಮೇಷ್ಟ್ರೇ. ಆ ಸಾಲು ನಾನೇ ಬರ್ದಿದ್ದು. ತಪ್ಪು ನಂದು.”

ಮೇಷ್ಟ್ರು, “ಹಕ್ಕಿ ಇನ್ನೂ ಬರ್ತಾವಮ್ಮ,” ಎಂದರು ಅಷ್ಟೇ. ಆದರೆ ಅವರ ಹೆಂಡತಿ ಬೀದಿಯಲ್ಲಿ ಎದುರಾದಾಗ ಅಕ್ಕನನ್ನು ಮಾತಾಡಿಸುವುದನ್ನು ಬಿಟ್ಟರು. ನನ್ನನ್ನು ಮಾತಾಡಿಸುತ್ತಿದ್ದರು. ಗೋಧಿ ಬೀಸಿಸಲು ನನ್ನ ಹತ್ತಿರವೇ ಬರುತ್ತಿದ್ದರು. ಪಾಪ, ಓದಿಲ್ಲದ ಹುಡುಗ, ಅವನೇನು ಮಾಡ್ತಾನೆ ಎಂದು ಯಾರಿಗೋ ಹೇಳುತ್ತಿದ್ದುದನ್ನು ಕೇಳಿಸಿಕೊಂಡು ನಾನು ಸುಮ್ಮನಿದ್ದೆ. ಏಳನೇ ತರಗತಿ ನನಗೆ ಮೊದಲ ಸಲ ಉಪಯೋಗಕ್ಕೆ ಬಂದಿತ್ತು.

ಆ ವಾರವೇ ಒಂದು ಮಧ್ಯಾಹ್ನ. ನಾನು ಊಟಕ್ಕೆ ಕೂತಿದ್ದೆ. ಅಕ್ಕ ಲಗ್ನಪತ್ರಿಕೆಯೊಂದರ ಹಿಂದೆ ಏನನ್ನೋ ಬರೆದು, ಹೊಡೆದುಹಾಕಿ, ಮತ್ತೆ ಬರೆದಳು. ಪೂರ್ತಿದು ಬರುವ ಮುನ್ನ ಆ ಸಾಲನ್ನು ತಿದ್ದಿ ಕಳಿಸಲು ಇನ್ನೂ ಸಮಯವಿತ್ತು. ನಾನು ತಟ್ಟೆಯಿಂದ ತಲೆ ಎತ್ತಿದೆ. ಕೇಳುತ್ತಾಳೆ ಎಂದುಕೊಂಡೆ. ಕೇಳಿದರೆ ಈ ಸಲ ಹೇಳಿಬಿಡಬೇಕು ಎಂದೂ ಅಂದುಕೊಂಡೆ... ಅವಳು ಎದ್ದು ನನ್ನನ್ನು ದಾಟಿಕೊಂಡು ಒಲೆಯ ಹತ್ತಿರ ಹೋದಳು. ಶಾಲೆಯ ಮೆಟ್ಟಿಲನ್ನೇ ಹತ್ತದ ಅಮ್ಮನಿಗೆ ಓದಿ ಹೇಳಿದಳು.

“ಅಮ್ಮ, ಇದು ತಿಳಿಯುತ್ತಾ? ‘ಈ ಕಂಪ್ಯೂಟರಿನಲ್ಲಿ ನೀವು ಇಟ್ಟಿರುವುದೆಲ್ಲ ಅಳಿಸಿಹೋಗುತ್ತದೆ.’”

ಅಮ್ಮ ಸಾರು ಕಲಕುವುದನ್ನು ನಿಲ್ಲಿಸಿದಳು. “ಅಳ್ಸೋದ್ರೆ ಆಮೇಲ್ ಸಿಗುತ್ತಾ?”

“ಇಲ್ಲ.”

“ಇಲ್ಲ ಅಂತ ಅದನ್ನೂ ಬರಿ ಮತ್ತೆ. ಬರೀದೆ ಇದ್ರೆ ಹೆಂಗ್ ಗೊತ್ತಾಗುತ್ತೆ ನಮ್ಮಂತೋರ್ಗೆ?”

ಅಕ್ಕ ಅದನ್ನೂ ಬರೆದಳು. ಕಳಿಸಿದಳು. ಅದೇ ಅವಳು ಕಳಿಸಿದ ಕೊನೆಯ ಸಾಲು. ಗುಂಪಿಗೆ ಹೋಗುವುದನ್ನು ಬಿಟ್ಟಳು. ಕನ್ನಡಕದ ಹುಡುಗ ಒಂದೆರಡು ಸಲ ಮನೆಗೆ ಬಂದು ಕರೆದ. “ಬರ್ದಿದ್ದು ತಿಳಿಯುತ್ತೋ ಇಲ್ವೋ ಅಂತ ನೋಡೋಕೆ ನಂಗೆ ಯಾರೂ ಇಲ್ಲಪ್ಪ,” ಎಂದು ಕಳಿಸಿಬಿಟ್ಟಳು. ಒಳಗಿನ ಕೋಣೆಯಲ್ಲಿದ್ದ ನನಗೆ ಅದು ಕೇಳಿಸಿತು.

ನಮ್ಮಿಬ್ಬರ ನಡುವೆ ಜಗಳವೇನೂ ಆಗಲಿಲ್ಲ. ನನ್ನ ಮದುವೆಯ ಪತ್ರಿಕೆಯನ್ನು ಅವಳೇ ಜೋಡಿಸಿದಳು. ಮಗಳು ಹುಟ್ಟಿದಾಗ ಹೆಸರನ್ನೂ ಅವಳೇ ಹುಡುಕಿದಳು. ಆದರೆ ‘ತಿಳೀತಾ’ ಎಂದು ನನ್ನನ್ನು ಮತ್ತೆ ಎಂದೂ ಕೇಳಲಿಲ್ಲ. ಕರೆಂಟು ಬಿಲ್ಲಾಗಲಿ, ಬ್ಯಾಂಕಿನ ಕಾಗದವಾಗಲಿ, ನಾನು ಕೇಳುವ ಮೊದಲೇ ಬಿಡಿಸಿ ಎರಡೆರಡು ಸಲ ಹೇಳುತ್ತಿದ್ದಳು. ಹಾಗಾದರೆ ಆ ಸಾಲು ನನಗೆ ತಿಳಿದಿರಲಿಲ್ಲವೆಂದು ಅವಳಿಗೆ ಅಂದೇ ಗೊತ್ತಾಗಿತ್ತು. ನಾನೇ ಹೇಳಲಿ ಎಂದು ಕಾದಳೋ ಏನೋ. ನಾಲ್ಕು ವರ್ಷದ ಹಿಂದೆ ಕಾಮಾಲೆ ತಲೆಗೇರಿ ಹನ್ನೊಂದು ದಿನದಲ್ಲಿ ಹೋಗಿಬಿಟ್ಟಳು. ಆ ಹನ್ನೊಂದು ದಿನವೂ ನಾನು ಮಂಚದ ಪಕ್ಕದಲ್ಲೇ ಇದ್ದೆ. ಎಳನೀರು ಕುಡಿಸಿದೆ, ಕಾಲು ಒತ್ತಿದೆ. ಅದೊಂದನ್ನು ಬಿಟ್ಟು ಎಲ್ಲ ಮಾತಾಡಿದೆ.

ತಾರಸಿಯಿಂದ ಇಳಿದು ಬರುವಾಗ ಸಿ.ಡಿ. ನನ್ನ ಕೈಯಲ್ಲಿತ್ತು. ನಡುಮನೆಯ ಮೂಲೆಯಲ್ಲಿ ಮಗಳು ತನ್ನ ಸೋದರತ್ತೆಯ ಅದೇ ಹಳೆಯ ಕಂಪ್ಯೂಟರ್ ಶುರುಮಾಡಿಕೊಂಡು ಕೂತಿದ್ದಳು. ಶಾಲೆಯಲ್ಲಿ ಯಾರೋ ಹೊಸ ಲಿನಕ್ಸ್ ಕೊಟ್ಟಿದ್ದರಂತೆ. ಸಿ.ಡಿ. ಕಾಲ ಹೋಯಿತು, ಈಗ ಹೆಬ್ಬೆರಳಿನಷ್ಟು ಒಂದು ಕಡ್ಡಿ. ನಾನು ಹಿಂದೆ ನಿಂತು ನೋಡಿದೆ. ಪರದೆಯ ಮೇಲೆ ಎರಡು ಸಾಲು ಬಂದವು.

‘ಈ ಕಂಪ್ಯೂಟರಿನಲ್ಲಿ ನೀವು ಇಟ್ಟಿರುವುದೆಲ್ಲ ಅಳಿಸಿಹೋಗುತ್ತದೆ. ಮತ್ತೆ ಸಿಗುವುದಿಲ್ಲ.’

ಎಲ್ಲೂ ಅವಳ ಹೆಸರಿರಲಿಲ್ಲ. ಅಮ್ಮನ ಹೆಸರೂ ಇರಲಿಲ್ಲ. ನಾನು ಒಂದೇ ಸಲಕ್ಕೆ, ಎಲ್ಲೂ ಎಡವದೆ ಓದಿದೆ.

“ಏನಪ್ಪಾ, ಅತ್ತೆದು ಇದ್ರಲ್ಲಿ ಏನಾದ್ರೂ ಇದ್ಯಾ? ಒತ್ಲಾ?” ಎಂದಳು ಮಗಳು.

ಏನಿತ್ತೋ ನನಗೆ ಗೊತ್ತಿರಲಿಲ್ಲ. ಅಕ್ಕ ಹೋದ ಈ ನಾಲ್ಕು ವರ್ಷದಲ್ಲಿ ಒಮ್ಮೆಯೂ ತೆರೆದು ನೋಡಿರಲಿಲ್ಲ.

“ನಂಗೆ ಗೊತ್ತಿಲ್ಲ ಮಗಾ,” ಎಂದೆ. “ನಂಗೆ ಅವತ್ತೂ ಗೊತ್ತಿರಲಿಲ್ಲ.”

ಅವಳಿಗೆ ಅದು ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಎಂದು ನನ್ನ ಮುಖ ನೋಡಿಯೇ ಹೇಳಿದಳು, ಮೌಸ್‌ನಿಂದ ಕೈ ತೆಗೆದಳು.