ಎರಡು ಕ್ಯಾಮೆರಾ, ಒಂದು ತಟ್ಟೆ ಮಣೂಕ

ಕಳೆದ ಭಾನುವಾರ ನಮ್ಮ ಕಾಕಾನ ಒಣದ್ರಾಕ್ಷಿ ಒಂದೇ ನಿಮಿಷದಲ್ಲಿ ಎರಡು ಬಣ್ಣಕ್ಕೆ ತಿರುಗಿತು. ಮುಟ್ಟಿದವರು ಯಾರೂ ಇಲ್ಲ. ನಾನು ಎರಡು ಸಲ ಬಟನ್ ಒತ್ತಿದ್ದೆ, ಅಷ್ಟೇ.

ಸಂಗತಿ ಇಷ್ಟು. ನನಗೊಂದು ಮಿರರ್‌ಲೆಸ್ ಕ್ಯಾಮೆರಾ ಬೇಕು. ಕ್ರಾಪ್ ಸೆನ್ಸರ್‌ನದು. ಅಂದರೆ ಒಳಗಿನ ಸೆನ್ಸರ್ ಫುಲ್ ಫ್ರೇಮ್ ಎಂಬ ದೊಡ್ಡ ಕ್ಯಾಮೆರಾದ್ದಕ್ಕಿಂತ ಸಣ್ಣದು. ಹಾಗಾಗಿ ಹೆಗಲಿಗೂ ಜೇಬಿಗೂ ಭಾರ ಕಡಿಮೆ. ನನ್ನ ತಲೆಯಲ್ಲಿ ಎರಡು ಕಂಪನಿಗಳು ಜಗಳಕ್ಕೆ ನಿಂತಿದ್ದವು. (ಹೆಸರು ಹೇಳುವುದಿಲ್ಲ. ಇಬ್ಬರೂ ನನಗೆ ಚಹಾ ಕುಡಿಸಿಲ್ಲ.) ಯೂಟ್ಯೂಬ್ ನೋಡಿ ನೋಡಿ ಸಾಕಾಗಿ, ಇಬ್ರಾಹಿಂಪುರದ ಗೆಳೆಯನಿಂದ ಒಂದು, ಬಬಲೇಶ್ವರದ ಗೆಳೆಯನಿಂದ ಇನ್ನೊಂದು ಎರವಲು ತಂದೆ.

ಇಬ್ರಾಹಿಂಪುರದವನು ಕೊಡುವಾಗಲೇ ಷರತ್ತು ಹಾಕಿದ. "ಆ ಬಬಲೇಶ್ವರದವನ ಡಬ್ಬಿ ಜೋಡಿ ಒಂದ ಬ್ಯಾಗಿನಾಗ ಇಡಬ್ಯಾಡಲೇ. ಚಟ ಹತ್ತತೈತಿ ಇದಕ್ಕ."

ವಾರವಿಡೀ ಡೈರಿಯಲ್ಲಿ ಅಂಕ ಹಾಕಿದೆ. ಒಂದರ ಹಿಡಿತ ಚೆನ್ನ. ಇನ್ನೊಂದರ ಫೋಕಸ್ ಓಡುವ ಕರುವಿನ ಕಣ್ಣನ್ನೂ ಬಿಡುವುದಿಲ್ಲ. ಒಂದಕ್ಕೆ ಲೆನ್ಸ್ ಕಡಿಮೆ. ಇನ್ನೊಂದಕ್ಕೆ ಬ್ಯಾಟರಿ ಬೇಗ ಖಾಲಿ. ಶನಿವಾರಕ್ಕೆ ಮೂರು-ಮೂರು. ಉಳಿದದ್ದು ಬಣ್ಣ.

ಅದಕ್ಕೇ ಕಾಕಾನ ಊರು ಘೋಣಸಗಿಗೆ ಹೋದೆ. ಟಿಕೋಟಾ ಕಡೆ ಈಗ ಎಲ್ಲಿ ನೋಡಿದರೂ ದ್ರಾಕ್ಷಿ ಒಣಗಿಸುವ ಶೆಡ್ಡು. ಕಾಕಾನ ಶೆಡ್ಡಿನಲ್ಲೂ ಮಣೂಕ, ಅಂದರೆ ಒಣದ್ರಾಕ್ಷಿ, ತಯಾರಾಗಿತ್ತು. ಮಾಲು ಹಸಿರಾಗಿದ್ದರೆ ದರ ಮೇಲೆ, ಕಂದಿದರೆ ಕೆಳಗೆ. ಕಾಕಾನ ಕೊನೆಯ ಮಾಲು ಚೂರು ಕಂದಿತ್ತು. ವಿಜಯಪುರದ ವ್ಯಾಪಾರಿ ಮೊದಲು ಫೋಟೊ ಕಳಿಸಿ ಎಂದಿದ್ದ. ಹಿಡಿಸದಿದ್ದರೆ ಆತ ಬರುವುದೇ ಇಲ್ಲ.

ಒಂದೇ ತಟ್ಟೆ, ಒಂದೇ ಸ್ಟ್ಯಾಂಡು, ಎರಡೂ ಆಟೊ ಮೋಡ್‌ನಲ್ಲಿ. ಮೊದಲ ಕ್ಯಾಮೆರಾ ಇದ್ದದ್ದನ್ನು ಇದ್ದ ಹಾಗೆ ತೋರಿಸಿತು.

ಕಾಕಾ ಸ್ಕ್ರೀನ್ ನೋಡಿ, "ಇದು ಖರೇ ಹೇಳೂ ಕ್ಯಾಮೆರಾ ಐತಿ. ಮನ್ಯಾಗ ಇಡಬಾರದು" ಎಂದ.

ಎರಡನೆಯದು ಶೆಡ್ಡಿನ ಬದಿಯ ಹಸಿರು ನೆಟ್ಟಿನಿಂದ ತೂರಿ ಬಂದ ಬೆಳಕನ್ನೂ ಸೇರಿಸಿ ಹಿಡಿದಿತ್ತು. ಮಣೂಕ ಪಚ್ಚೆಯ ಹರಳಿನಂತೆ ಹೊಳೆಯುತ್ತಿತ್ತು.

"ವೈಟ್ ಬ್ಯಾಲೆನ್ಸ್ ತಪ್ಪೈತಿ ಕಾಕಾ, ಬಣ್ಣ ಸುಳ್ಳು ಬಂದೈತಿ. ಸರಿ ಮಾಡ್ತೇನಿ ತಡಿ."

"ಮುಟ್ಟಬ್ಯಾಡ. ಇದನ್ನೇ ಕಳಸು."

ಕಳಿಸಿದೆ. (ಏನು ಮಾಡಲಿ, ಊಟ ಅವರ ಮನೆಯಲ್ಲೇ ಇತ್ತು. ಅಷ್ಟಕ್ಕೂ ನಿಮ್ಮ ಡಿಪಿ ನಿಮ್ಮ ಹಾಗೇ ಇದೆಯೇ?)

ಮಧ್ಯಾಹ್ನ ವ್ಯಾಪಾರಿ ಬಂದೇ ಬಿಟ್ಟ. ಮೊಬೈಲ್ ನೋಡಿದ. ತಟ್ಟೆ ನೋಡಿದ. ಮತ್ತೆ ಮೊಬೈಲ್ ನೋಡಿದ.

"ಕಾಕಾರ, ಫೋಟೊದಾಗಿನ ಮಾಲು ಎಲ್ಲೈತ್ರಿ?"

ಕಾಕಾ ಶೆಡ್ಡಿನ ತಗಡು ನೋಡತೊಡಗಿದ. ನಾನು ಸ್ವಚ್ಛವಾಗಿದ್ದ ಲೆನ್ಸನ್ನೇ ಒರೆಸತೊಡಗಿದೆ. ವ್ಯಾಪಾರಿ ಗಾಡಿಯ ಕೀಲಿ ತೆಗೆದ. ಈ ಮಾಲು ಇಲ್ಲೇ ಉಳಿಯಿತು, ಅದೂ ನನ್ನ ಕೈಯಿಂದ, ಎಂದುಕೊಂಡೆ. ಅಷ್ಟರಲ್ಲಿ ಚಹಾ ತಂದ ಕಾಕು, ಅಂದರೆ ಕಾಕಾನ ಹೆಂಡತಿ, ತಟ್ಟೆಯನ್ನು ಅವನ ಮುಂದೆ ಸರಿಸಿದಳು.

"ಸಾವಕಾರ್ರ, ನಿಮ್ಮ ಕಡೆ ಮಂದಿ ಮಣೂಕ ತಿಂತಾರೋ, ಫೋಟೊ ತಿಂತಾರೋ?"

ಆತ ಒಂದು ಬಾಯಿಗೆ ಹಾಕಿದ. ಆಮೇಲೆ ನಾಲ್ಕು. ಆಮೇಲೆ ಮಾತಾಡುತ್ತಲೇ ಹಿಡಿ ಹಿಡಿ. ಕೊನೆಗೆ ದರ ಹಸಿರಿಗೂ ಕಂದಿದ್ದಕ್ಕೂ ನಡುವೆ ಎಲ್ಲೋ ನಿಂತಿತು. ಕಾಕಾ ತಗಡಿನಿಂದ ಕಣ್ಣು ಕೆಳಗಿಳಿಸಿದ.

ನನ್ನ ಪಾಲಿನ ಬೈಗುಳ ಬಾಕಿ ಇದೆ ಎಂದುಕೊಂಡೇ ವ್ಯಾಪಾರಿಯನ್ನು ಗಾಡಿಯ ತನಕ ಬಿಡಲು ಹೋದೆ. ಆತ ಹೆಗಲ ಮೇಲೆ ಕೈ ಹಾಕಿ, ಹಿಂದೆ ಮುಂದೆ ನೋಡಿ, ಮೆಲ್ಲಗೆ ಕೇಳಿದ:

"ತಮ್ಮಾ, ಆ ಹಸರ ಫೋಟೊದ ಕ್ಯಾಮೆರಾ ಯಾವ ಕಂಪನೀದು? ನಾನೂ ಮುಂದ ಕೊಳ್ಳೂ ಪಾರ್ಟಿಗೆ ಫೋಟೊ ಕಳಸಬೇಕಲ್ಲ."

ಮೋಸ ಹೋದವನೇ ಕಂಪನಿ ಹೆಸರು ಕೇಳುವ ಕ್ಯಾಮೆರಾಕ್ಕೆ ಎಷ್ಟು ಸ್ಟಾರ್ ಕೊಡಲಿ, ನೀವೇ ಹೇಳಿ?