ಡಯಲ್ಲಿಗೆ ಜಡಿದ ಬೀಗ

ಜಗಳೂರು ಶಾಖೆಯ ಶಮೀಮಾಳಿಗೆ ನಾನು ಟರ್ಮಿನಲ್ ಸಾಫ್ಟ್‌ವೇರನ್ನು ನಕಲು ಮಾಡಿ ಕೊಟ್ಟದ್ದು ನಿಜ. ಇಂಟರ್ನೆಟ್ ಇನ್ನೂ ಬಾರದ ಕಾಲ. ಆ ಸಾಫ್ಟ್‌ವೇರ್ ಇದ್ದರೆ ಫೋನಿನ ತಂತಿಯಲ್ಲೇ ಫೈಲು ಬರುತ್ತಿತ್ತು. ಇಲ್ಲದಿದ್ದರೆ ಫ್ಲಾಪಿ ಹಿಡಿದು ಬಸ್ಸು ಹತ್ತಬೇಕಿತ್ತು. ನಮ್ಮದು ಬಿತ್ತನೆ ಬೀಜ ಹಂಚುವ ಸಂಘ. ನಾನಿದ್ದ ಹೊನ್ನಾಳಿಯಲ್ಲಿ ಗೋದಾಮಿತ್ತು.

ವಿಷಯ ತಿಳಿದು ವ್ಯವಸ್ಥಾಪಕರು ಸಿಡಿದರು. "ಕಂಡೋರಿಗೆಲ್ಲ ಹಂಚಾಕೆ ಅದೇನು ಮಂಡಕ್ಕಿ ಏನ್ರೀ?"

"ಹಂಚಿರಿ ಎಂದು ಅದನ್ನು ರಚಿಸಿದವರೇ ಮೊದಲ ಪರದೆಯಲ್ಲಿ ಹೇಳಿದ್ದಾರೆ ಸಾರ್. ಓದಿ ನೋಡಿ."

ಅವರು ಓದಲಿಲ್ಲ. ಫೋನಿನ ಡಯಲ್ಲಿಗೆ ಪುಟ್ಟ ಬೀಗ ಜಡಿದು, ಕೀಲಿಯನ್ನು ಜೇಬಿಗಿಳಿಸಿದರು. "ಈಗ ಫೈಲು ಹೆಂಗೆ ತರಿಸ್ತೀರೋ ನೋಡ್ತೀನಿ" ಎಂದು ಊಟಕ್ಕೆ ಹೊರಟರು.

ಜಗಳೂರು ಕಡೆಯ ಬಿಳಿಚೋಡಿನಲ್ಲಿ ಹದ ಮಳೆ ಬಿದ್ದಿತ್ತು. ಯಾವ ಹಳ್ಳಿಗೆ ಎಷ್ಟು ಶೇಂಗಾ ಬೀಜವೆಂಬ ಫೈಲು ಶಮೀಮಾಳಿಂದ ಬಾರದೆ ಲಾರಿ ಹೊರಡುವಂತಿರಲಿಲ್ಲ. ಹದ ಆರಿದರೆ ಬಿತ್ತನೆಯೇ ಇಲ್ಲ.

ತಂತಿಯನ್ನು ಫೋನಿನಿಂದ ಬಿಡಿಸಿ, ಕಂಪ್ಯೂಟರಿನ ಪಕ್ಕದ ಮೋಡೆಮ್ಮಿಗೆ ಸಿಕ್ಕಿಸಿದೆ. ಅದಕ್ಕೆ ಡಯಲ್ಲಿನ ಹಂಗಿಲ್ಲ. ಸಂಖ್ಯೆಗೆ ಕರೆ ಮಾಡುವುದೂ ಕಂಪ್ಯೂಟರೇ. ಸಾಹೇಬರು ಮರಳುವಷ್ಟರಲ್ಲಿ ಲಾರಿಗೆ ಮೂಟೆಗಳು ಏರುತ್ತಿದ್ದವು.

ಅವರು ಬೀಗವನ್ನು ಎಳೆದು ನೋಡಿದರು. "ಹಾಕಿದ್ದು ಹಾಕಿದಂಗೇ ಐತಲ್ರೀ!"

"ಹೌದು ಸಾರ್. ಗಟ್ಟಿ ಬೀಗ."

ಆಮೇಲೆ ಚನ್ನಗಿರಿ, ನ್ಯಾಮತಿ ಶಾಖೆಗಳಿಗೂ ನಾನೇ ನಕಲು ಕೊಟ್ಟೆ. ಕೀಲಿಯನ್ನು ಮಾತ್ರ ಅವರು ನಿವೃತ್ತರಾಗುವ ತನಕ ಯಾರಿಗೂ ಕೊಡಲಿಲ್ಲ.