ಹುರುಳಿಕಾಳಿನ ತಪ್ಪಲ್ಲ

ಸವಿತಾ, ನಿನ್ನ ಹುರುಳಿಕಾಳಿನ ಬಸ್ಸಾರಿನಿಂದ ನನಗೆ ಉಷ್ಣವಾಗಿರಲಿಲ್ಲ. ಅದು ನನಗೆ ಆವತ್ತೇ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ — ಮಾವ ಅನ್ನಿಸಿಕೊಂಡವನು.

ನೀನು ನಾಗಮಂಗಲದ ಕಡೆಯಿಂದ ಕಿಕ್ಕೇರಿಗೆ ಸೊಸೆಯಾಗಿ ಬಂದ ಹೊಸತು. ನನಗೆ ನೆಗಡಿಯಾಗಿತ್ತು. ಮೆಡಿಕಲ್ ಸ್ಟೋರಿನವನು ಕೊಟ್ಟ ಮಾತ್ರೆ ನುಂಗಿ, ನೀನು ಬಡಿಸಿದ ಮುದ್ದೆ ಬಸ್ಸಾರು ಉಂಡು ಮಲಗಿದೆ. ಬೆಳಿಗ್ಗೆ ಎದ್ದರೆ ಒಂದಕ್ಕೆ ಬರುತ್ತಿಲ್ಲ. ನಿಂತೆ, ಕೂತೆ, ನಲ್ಲಿ ಬಿಟ್ಟುಕೊಂಡು ಕಾದೆ — ಒಂದು ತೊಟ್ಟೂ ಇಲ್ಲ. ಕಿಬ್ಬೊಟ್ಟೆ ಕಲ್ಲಾಯಿತು. ಸೊಸೆಯ ಮುಂದೆ ಇದನ್ನು ಹೇಗೆ... ಹೊಟ್ಟೆಯುಬ್ಬರ ಅಂದೆ. ನಿಮ್ಮತ್ತೆ ಉಷ್ಣ ಎಂದು ತೀರ್ಮಾನಿಸಿ ಎಳನೀರಿನ ಮೇಲೆ ಎಳನೀರು ಕುಡಿಸಿದಳು. ಹೋಗುವ ದಾರಿಯೇ ಮುಚ್ಚಿರುವಾಗ ಮೇಲಿಂದ ಸುರಿದರೆ ಏನಾಗಬೇಕು? ನಾನಾದರೂ ಬಾಯಿ ಬಿಡಬಾರದಿತ್ತೇ! ಮಧ್ಯಾಹ್ನಕ್ಕೆ ನೋವು ತಡೆಯಲಾರದೆ ಮಗನ ಕೈ ಹಿಡಿದು ಅತ್ತುಬಿಟ್ಟೆ.

ಆಸ್ಪತ್ರೆಯಲ್ಲಿ ಪೈಪು ಹಾಕಿದರು. ಜೀವ ಬಂತು. ಮಗ ಔಷಧಿ ತರಲು ಹೋಗಿದ್ದಾಗ ಡಾಕ್ಟರು ಕೇಳಿದರು — ಮೊದಲಿನಿಂದಲೂ ಸರಾಗವಾಗಿ ಹೋಗುತ್ತಿರಲಿಲ್ಲವೇ, ರಾತ್ರಿ ಪದೇ ಪದೇ ಏಳುತ್ತಿದ್ದಿರಾ ಎಂದು. ಹೌದು, ಬಹಳ ಕಾಲದಿಂದ. ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ. ವಯಸ್ಸಿಗೆ ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿ ದಾರಿ ಒತ್ತಿದೆ, ನೆಗಡಿ ಮಾತ್ರೆ ಅದನ್ನು ಪೂರ್ತಿ ಬಿಗಿದಿದೆ ಎಂದರು. ಉಂಡದ್ದರಿಂದ ಏನಾದರೂ, ಎಂದು ಕೇಳಿದೆ. ಊಟಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು.

ಮನೆಗೆ ಬಂದರೆ ನಿಮ್ಮತ್ತೆ ನೆಂಟರಿಷ್ಟರ ಮುಂದೆಯೇ ನಿನ್ನನ್ನು ತರಾಟೆಗೆ ತೆಗೆದುಕೊಂಡಿದ್ದಳು. "ನಿಮ್ಮಪ್ಪನ ಮನೆ ಹುರುಳಿ ಉಣ್ಣಿಸಿ ಅವ್ರಿಗೆ ಉಷ್ಣ ಏರಿಸ್ಬುಟ್ಟಲ್ಲವ್ವ."

ನೀನು ನನ್ನ ಮುಖ ನೋಡಿದೆ. ನಾನು — ಆ ಜಾಗದ ಮಾತು ಎಲ್ಲರೆದುರು ಆಡುವುದಕ್ಕಿಂತ ಹುರುಳಿಯೇ ವಾಸಿ ಅನ್ನಿಸಿ —

"ಅಂಗೇ ಇರ್ಬೋದು ಬುಡು," ಅಂದೆ.

ಅಂದಿನಿಂದ ಈ ಮನೆಯಲ್ಲಿ ಹುರುಳಿ ಬೇಯಲಿಲ್ಲ. ಯಾರೇ ಬರಲಿ, ಮಾವನನ್ನು ಆಸ್ಪತ್ರೆಗೆ ಕಳಿಸಿದ ಸೊಸೆಯ ಕಥೆ ನಿಮ್ಮತ್ತೆಯ ಬಾಯಲ್ಲಿ. ಅವರು ನಗುತ್ತಾರೆ, ನೀನು ತಲೆ ತಗ್ಗಿಸಿ ಬಡಿಸುತ್ತೀಯ. ನಾನು? ಗ್ರಂಥಿಯ ಮಾತ್ರೆಯನ್ನು ಗ್ಯಾಸಿನದೆಂದು ಹೇಳಿ ನುಂಗುತ್ತಾ ಕೂತಿರುತ್ತೇನೆ. ನನ್ನ ಮೇಲೆ ನನಗೇ ರೇಗುತ್ತದೆ.

ನಿನ್ನೆ ನಿಮ್ಮತ್ತೆಗೆ ಎಲ್ಲ ಹೇಳಿದೆ. "ಇಷ್ಟು ವರ್ಸ ಬಾಯಿಗೇನಾಗಿತ್ತು?" ಅಂದಳು. ಭಾನುವಾರ ನೆಂಟರು ಬರುತ್ತಾರಲ್ಲ, ಅವತ್ತು ನಡುಮನೆಯಲ್ಲಿ ಕೂತು ನಾನೇ ಹೇಳುತ್ತೇನೆ — ನನ್ನ ರೋಗದ ಹೆಸರು ಹಿಡಿದೇ ಹೇಳುತ್ತೇನೆ. ಹುರುಳಿ ಬೇಯಿಸವ್ವ ಎಂದು ನಿನ್ನನ್ನು ಕೇಳುವ ಮುಖ ಮಾತ್ರ ನನಗಿಲ್ಲ.